ಮೂರೂಕಾಲಿಗೆ ಬರುವವನು

ಒಂದೇ ಮನೆಗೆ, ಒಂದೇ ಕೆಲಸಕ್ಕೆ ಮೂರು ದಿನ ಮೂರು ಸಲ ಹೋಗುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಂಪ್ಯೂಟರ್ ರಿಪೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದವಳು ನಾನು. ಅಂಗಡಿಯಲ್ಲಿ ಕೂತು ಬಿಚ್ಚುವ, ಬೆಸುಗೆ ಹಾಕುವ ಕೆಲಸ ನನ್ನದಾಗಿತ್ತು. ಮನೆಮನೆಗೆ ಹೋಗುವುದು ನನ್ನ ತಮ್ಮನದು. ಎಂಟು ತಿಂಗಳ ಹಿಂದೆ ಬೈಕಿನಲ್ಲಿ ಹೊರಟವನು ತಿರುವಿನಲ್ಲಿ ಲಾರಿಗೆ ಸಿಕ್ಕ. ಅಂದಿನಿಂದ ಅವನ ಚೀಲ ನನ್ನ ಹೆಗಲಿಗೆ ಬಂದಿದೆ.

ಹೋದ ಕಡೆಯಲ್ಲೆಲ್ಲ ಅವನು ಸಿಗುತ್ತಾನೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಅವನು ಕಟ್ಟಿದ ವಯರು, ಎರಡೆರಡು ಗಂಟು ಹಾಕಿರುತ್ತಾನೆ. ಸ್ಕ್ರೂ ಒಂದು ಕಮ್ಮಿ ಇದ್ದೇ ಇರುತ್ತದೆ. ನಾನು ಸರಿಮಾಡುವುದೆಂದರೆ ಅವನು ಮಾಡಿದ್ದನ್ನು ಬಿಚ್ಚುವುದು. ಒಂದೊಂದು ರಿಪೇರಿಗೂ ಅವನು ಈ ಊರಿನಲ್ಲಿ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದಾನೆ. ಅದಕ್ಕೇ ಆ ಗಂಟುಗಳನ್ನು ಆದಷ್ಟು ಹಾಗೇ ಬಿಟ್ಟು ಬರುತ್ತೇನೆ.

ಮೂರು ಸಲ ಓಡಾಡಿಸಿದ್ದು ಹೊಲಿಗೆ ಟೀಚರ್ ಮನೆ. ಮಂಡಿಯ ಆಪರೇಷನ್ ಆದಮೇಲೆ ಟೀಚರ್ ಮೆಟ್ಟಿಲು ಇಳಿಯುವಂತಿಲ್ಲ. ಮೂರನೇ ಮಹಡಿಯ ಕೋಣೆಯಲ್ಲೇ ಕೂತು ದಿನಾ ನಾಲ್ಕು ಗಂಟೆಗೆ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾರೆ. ಹೋದ ವಾರ ಅವರ ವೈಫೈ ಪೆಟ್ಟಿಗೆ ಸುಟ್ಟುಹೋಗಿ ಹೊಸದು ಬಂತು. ಆ ಹೊಸದು ಕಂಪ್ಯೂಟರಿಗೆ ಕಾಣಿಸಲೇ ಇಲ್ಲ. ಅಕ್ಕಪಕ್ಕದ ಮನೆಗಳ ವೈಫೈ ಹೆಸರೆಲ್ಲ ಪಟ್ಟಿಯಲ್ಲಿದ್ದವು, ಟೀಚರ್ ಮನೆಯದು ಮಾತ್ರ ಇರಲಿಲ್ಲ.

ತೊಂದರೆ ಡ್ರೈವರಿನದು. ಡ್ರೈವರ್ ಅಂದರೆ ವೈಫೈ ಕಾರ್ಡಿಗೂ ಕಂಪ್ಯೂಟರಿಗೂ ಮಾತು ನಡೆಸುವ ಸಣ್ಣ ತಂತ್ರಾಂಶ. ಒಳಗಿದ್ದದ್ದು ಓಬೀರಾಯನ ಕಾಲದ್ದು. ಪೆನ್‌ಡ್ರೈವಿನಲ್ಲಿ ಹೊಸದನ್ನು ಒಯ್ದು ಹಾಕಿದೆ, ಹತ್ತು ನಿಮಿಷದ ಕೆಲಸ. ಮಾರನೇ ದಿನ ಟೀಚರ್ ಫೋನು. ಹೋಗಿ ನೋಡಿದರೆ ಹೊಸದು ಮಾಯ, ಹಳೆಯದೇ ಕೂತಿದೆ. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಮತ್ತೆ ಹೊಸದು ಹಾಕಿ ಬಂದೆ. ಅದರ ಮಾರನೇ ದಿನವೂ ಅದೇ ಹಾಡು. ಡ್ರೈವರ್ ಹೇಳದೆ ಕೇಳದೆ ಹೊಸದಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಹೀಗೆ ಹಟ ಹಿಡಿದು ದಿನಾ ಹಳೆಯದಕ್ಕೇ ಮರಳುವುದನ್ನು ಎಲ್ಲೂ ನೋಡಿರಲಿಲ್ಲ.

ಮೂರನೇ ಸಲ ಎರಡೂವರೆಗೇ ಹೋದೆ. ಹೊಸ ಡ್ರೈವರ್ ಹಾಕಿ ಕುರ್ಚಿಯಲ್ಲಿ ಭದ್ರವಾಗಿ ಕೂತೆ.

"ಇವತ್ತು ಇಲ್ಲೇ ಇರ್ತೀನಿ ಟೀಚರ್. ಇದನ್ನ ಕೆಡಿಸ್ತಿರೋದು ಯಾರು ಅಂತ ನೋಡೇಬಿಡ್ತೀನಿ."

ಟೀಚರ್ ಮಂಚದ ಮೇಲೆ ಕೂತು ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದರು. ಮುಖ ಎತ್ತಲಿಲ್ಲ.

"ಆ ಕುರ್ಚಿ ಬಿಟ್ಟು ಈಚೆ ಬಾಮ್ಮ. ಮೂರೂಕಾಲು ಆಗ್ತಾ ಬಂತು."

"ಆದ್ರೆ ಏನು?"

"ಅವನು ಬರೋ ಹೊತ್ತು."

"ಯಾರು?"

"ನಿನ್ನ ತಮ್ಮ."

ನನಗೆ ರೇಗಿತು. ಸತ್ತವರ ವಿಷಯದಲ್ಲಿ ಹುಡುಗಾಟ ನನಗೆ ಆಗುವುದಿಲ್ಲ. ಆದರೆ ಟೀಚರ್ ಹುಡುಗಾಟದ ಹೆಂಗಸಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅವನು ಹೋದಾಗಿಂದ ದಿನಾ ಬರ್ತಿದಾನೆ. ಹೆದರಿಸೋಕಲ್ಲ. ಬರ್ತಾನೆ, ಹೋಗ್ತಾನೆ. ನಾನು ಕುರ್ಚಿ ಬಿಟ್ಟುಕೊಟ್ಟು ಇಲ್ಲಿ ಕೂತಿರ್ತೀನಿ. ಹೇಳಿದ್ರೆ ಮುದುಕಿಗೆ ತಲೆ ಕೆಟ್ಟಿದೆ ಅಂತೀಯ, ಅದಕ್ಕೇ ಹೇಳಲಿಲ್ಲ."

ಹೊರಗೆ ಹಾಡುಹಗಲು. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಆದರೂ ನಾನು ಎದ್ದು ಮಂಚದ ತುದಿಗೆ ಬಂದು ಕೂತೆ. ಯಾಕೆ ಎದ್ದೆನೋ ಇವತ್ತಿಗೂ ಗೊತ್ತಿಲ್ಲ.

ಸರಿಯಾಗಿ ಮೂರೂಕಾಲಿಗೆ, ಯಾರೂ ಮುಟ್ಟದ ಪರದೆಯ ಮೇಲೆ ಒಂದು ಕಪ್ಪು ಚೌಕ ತೆರೆದುಕೊಂಡಿತು. ಬಿಳಿ ಅಕ್ಷರಗಳು ದಡದಡ ಓಡಿದವು. ಕೊನೆಗೆ ಒಂದು ಸಾಲು ನಿಂತಿತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

"ಟೀಚರ್, ಎರಡೇ ನಿಮಿಷ."

ಅದು ತಮ್ಮನ ಮಾತು. ಎರಡು ಗಂಟೆಯ ಕೆಲಸವಿದ್ದರೂ ಗಿರಾಕಿಗಳಿಗೆ ಎರಡೇ ನಿಮಿಷ ಅನ್ನುತ್ತಿದ್ದ. ಊಟಕ್ಕೆ ಕರೆದರೂ ಅದೇ ಉತ್ತರ. ಕೊನೆಯ ದಿನ ಬೆಳಿಗ್ಗೆ ಬೈಕಿಗೆ ಕೀಲಿ ಹಾಕುವಾಗಲೂ, ಒಳಗಿನಿಂದ ಗೊಣಗುತ್ತಿದ್ದ ನನಗೆ ಅದನ್ನೇ ಹೇಳಿ ಹೋಗಿದ್ದ. ನೋಡುತ್ತಿದ್ದಂತೆ ಚೌಕ ಮುಚ್ಚಿಕೊಂಡಿತು. ಮೂಲೆಯಲ್ಲಿದ್ದ ವೈಫೈ ಗುರುತು ಆರಿಹೋಯಿತು.

"ನೋಡಿದ್ಯಾ?" ಅಂದರು ಟೀಚರ್, ಮೆಲ್ಲಗೆ.

ಆಮೇಲೆ ಕಸುಬೇ ನನ್ನನ್ನು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿತು. ದಿನಾ ಒಂದೇ ಹೊತ್ತಿಗೆ ಬರುವುದಾದರೆ ಯಾರೋ ಹೊತ್ತು ಗೊತ್ತುಮಾಡಿರಬೇಕು. ಇಂಥ ಗಂಟೆಗೆ ಇಂಥ ಕೆಲಸ ಮಾಡು ಎಂದು ಕಂಪ್ಯೂಟರಿಗೆ ಹೇಳಿಡುವ ಜಾಗವೊಂದಿದೆ. ತೆರೆದೆ. ಹತ್ತಾರು ಕೆಲಸಗಳ ನಡುವೆ ಒಂದಕ್ಕೆ "ಟೀಚರ್" ಎಂದೇ ಹೆಸರಿತ್ತು. ದಿನಾ ಮೂರೂಕಾಲಿಗೆ ಡ್ರೈವರ್ ಯಾವುದೆಂದು ನೋಡು. ಬದಲಾಗಿದ್ದರೆ ಕಿತ್ತುಹಾಕಿ ಹಳೆಯದನ್ನೇ ಕೂರಿಸು. ಪಾಠಕ್ಕೆ ಮುಕ್ಕಾಲು ಗಂಟೆ ಮುಂಚೆ, ತಪ್ಪದೆ.

ಅದರ ಕೆಳಗೆ ವಿವರಣೆ ಬರೆಯಲು ಒಂದು ಜಾಗವಿರುತ್ತದೆ. ಯಾರೂ ತುಂಬುವುದಿಲ್ಲ. ನಮ್ಮಿಬ್ಬರ ಜಗಳವೆಲ್ಲ ಇದಕ್ಕೇ. ಮಾಡಿದ್ದನ್ನು ಬರೆದಿಡು, ನಾಳೆ ಇನ್ನೊಬ್ಬರು ಕೈ ಹಾಕಬೇಕಾಗುತ್ತದೆ ಎಂದು ನಾನು. ನಡೆಯುತ್ತಿದೆಯಲ್ಲ, ಬರೆಯುವುದೇನು ಎಂದು ಅವನು. ಸಾಯುವ ಹಿಂದಿನ ಸಂಜೆ ಗಿರಾಕಿಗಳ ಮುಂದೆಯೇ ಬೈದಿದ್ದೆ, ಒಂದು ಸಾಲು ಬರೆಯಲಾಗದ ನೀನು ಯಾವ ಸೀಮೆಯ ಕೆಲಸಗಾರ ಎಂದು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಆ ನಗು ನೋಡಿ ಇನ್ನಷ್ಟು ಬೈದೆ.

ಈಗ ನೋಡಿದರೆ ಆ ಜಾಗ ತುಂಬಿತ್ತು.

"ಅಕ್ಕ, ಇದನ್ನ ನೀನೇ ನೋಡೋದು ಅಂತ ಗೊತ್ತು. ಹೊಸ ಡ್ರೈವರ್ ತಾನಾಗಿ ಬಂದು ಕೂತು ಪಾಠದ ಮಧ್ಯೆ ಕೈ ಕೊಡ್ತಿದೆ. ಅದಕ್ಕೇ ಈ ಕಾವಲು. ವೈಫೈ ಪೆಟ್ಟಿಗೆ ಬದಲಾಯಿಸಿದ ದಿನ ಇದನ್ನ ಅಳಿಸಿ ಹೊಸದು ಹಾಕು, ಅಷ್ಟೊತ್ತಿಗೆ ಕಂಪನಿಯವರು ಅದನ್ನ ಸರಿಮಾಡಿರ್ತಾರೆ. ಬರೆದಿದ್ದೀನಿ ನೋಡು. ಇನ್ನು ಬೈಬೇಡ."

ತಾರೀಕು ನೋಡಿದೆ. ನಾನು ಬೈದ ದಿನದ್ದೇ, ಮಧ್ಯಾಹ್ನ ಹನ್ನೆರಡು ಗಂಟೆಯದು. ಸಂಜೆ ನಾನು ಬೈಯುವ ಹೊತ್ತಿಗೆ ಇಲ್ಲಿ ಬರೆದು ಮುಗಿಸಿ ಬಂದಿದ್ದ. ಬಾಯಿ ಬಿಟ್ಟು ಹೇಳಬಹುದಿತ್ತು. ಅಕ್ಕ ಒಂದು ದಿನ ತಾನೇ ನೋಡಿ ಬಾಯಿ ಮುಚ್ಚಿಕೊಳ್ಳಲಿ ಎಂದು ನಗುತ್ತಾ ಕೂತಿದ್ದ, ಪಾಪಿ. ಅವನು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಟೀಚರ್ ಕೇಳಿದರೆಂದು ಓದಿ ಹೇಳಿದೆ. ಅವರು ತೆಗೆದಿಟ್ಟ ಕನ್ನಡಕ ಮತ್ತೆ ಹಾಕಿಕೊಂಡು ಪರದೆಯ ಕಡೆ ನೋಡಿದರು.

"ಅಳಿಸಿಬಿಡ್ತೀಯಾ?"

"ಬಿಟ್ರೆ ನಾಳೆ ಮೂರೂಕಾಲಿಗೆ ಮತ್ತೆ ಹಳೆಯದು ಕೂತು ನಿಮ್ಮ ಪಾಠ ಕೆಡುತ್ತಲ್ಲ."

"ಒಂದು ದಿನ ಪಾಠ ಇಲ್ಲ ಅಂದ್ರೆ ಯಾರೂ ಸಾಯಲ್ಲ. ನಾಳೆ ಅಳಿಸು."

ನಾಳೆ ಅಂದರೆ ಇನ್ನೊಂದು ಮೂರೂಕಾಲು. ಆ ಕೆಲಸದ ನಕಲು ತೆಗೆದುಕೊಂಡು ಹೋಗಿ ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡರೆ ದಿನಾ ಮೂರೂಕಾಲು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಈ ಊರಿನಲ್ಲಿ ಅವನು ಇನ್ನೂ ತಾನಾಗಿ ಮಾಡುತ್ತಿದ್ದ ಕೆಲಸ ಇದೊಂದೇ. ಆದರೆ ಅಳಿಸು ಎಂದು ಬರೆದಿದ್ದ. ಜೀವಮಾನದಲ್ಲಿ ನನ್ನ ಮಾತು ಕೇಳಿ ಅವನು ಬರೆದದ್ದೂ ಅದೊಂದೇ.

ಅಳಿಸಿದೆ. ಹೊಸ ಡ್ರೈವರ್ ಹಾಕಿದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಟೀಚರ್ ಮನೆಯ ಹೆಸರು ಪಟ್ಟಿಯಲ್ಲಿ ಬಂತು. ಅವತ್ತಿನ ಪಾಠ ನಡೆಯಿತು.

ಮಾರನೇ ದಿನ ಯಾರೂ ಕರೆಯದಿದ್ದರೂ ಮೂರು ಗಂಟೆಗೆ ಹೋದೆ. ಟೀಚರ್ ಏನೂ ಕೇಳದೆ ಬಾಗಿಲು ತೆಗೆದರು. ಇಬ್ಬರೂ ಮಂಚದ ಮೇಲೆ ಕೂತೆವು, ಕುರ್ಚಿ ಖಾಲಿ. ಮೂರೂಕಾಲು ಆಯಿತು. ಪರದೆಯ ಮೇಲೆ ಏನೂ ಬರಲಿಲ್ಲ. ಮೂಲೆಯ ವೈಫೈ ಗುರುತು ಹಾಗೇ ಇತ್ತು. ಮೂರೂವರೆ ಆಯಿತು.

"ಇನ್ನು ಬರಲ್ಲ ಅಲ್ವಾ?" ಅಂದರು ಟೀಚರ್.

"ಬರಲ್ಲ."

"ಹಾಗಾದ್ರೆ ಏಳಮ್ಮ. ಅಂಗಡಿಗೆ ಯಾರಾದ್ರೂ ಬಂದು ಕಾಯ್ತಿರ್ತಾರೆ."

"ಎರಡೇ ನಿಮಿಷ ಟೀಚರ್" ಅಂದೆ. ಅವರು ಸೂಜಿ ನಿಲ್ಲಿಸಿ ನನ್ನ ಕಡೆ ತಿರುಗಿದ ಮೇಲೆಯೇ ಏನು ಹೇಳಿದೆನೆಂದು ನನಗೆ ತಿಳಿದದ್ದು.