ಚೌಡಿಯ ಪಾಲು

"ಹೋದ ವರ್ಷ ಚೌಡಿಗೆ ತಂದ್ಕೊಟ್ಟಿದ್ದು ಏನೇ ಅದು? ನಿನ್ನ ಉಚ್ಚೆನೇನೇ ಮುಂಡೆ?"

ಸಾವ್ಕಾರ್ ರೇಣುಕಪ್ರಸಾದ್ ಜಗಲಿಯ ಮೇಲೆ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದರು. ನಾನು, ಅಜ್ಜಿ ದೇವೀರಮ್ಮ ಕೆಳಗೆ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಂತಿದ್ದೆವು. ನಡುವೆ ಅವರ ನಾಯಿ ಮಲಗಿತ್ತು. ಅದು ಜಗಲಿ ಹತ್ತಬಹುದಿತ್ತು. ಬಿಸಿಲು ಕಾಯಿಸಿಕೊಳ್ಳಲೆಂದು ತಾನಾಗಿ ಕೆಳಗೆ ಬಂದಿತ್ತು.

"ಉಚ್ಚೆ ಆಗಿದ್ರೆ ಇನ್ನಷ್ಟು ಇಸ್ಕೊಂಡ್ ಬಾ ಅಂತ ರೈಟ್ರನ್ನ ಕಳಿಸ್ತಿದ್ರಾ ಅಯ್ಯಾ?" ಅಂದಳು ಅಜ್ಜಿ, ತಗ್ಗಿಸಿದ ತಲೆ ಎತ್ತದೆ.

ತೋಟದ ಲೆಕ್ಕ ಬರೆಯುವ ರೈಟರ್ ವೆಂಕಟೇಶ ಕೆಮ್ಮಿದ. ನಗು ಬಂದಾಗ ಅವನು ಕೆಮ್ಮುತ್ತಾನೆಂಬುದು ತೋಟಕ್ಕೆಲ್ಲ ಗೊತ್ತು.

"ಬಾಯಿ ಜಾಸ್ತಿ ಆಗಿದೆ ನಿಂಗೆ. ಲೈನ್ ಮನೆ ಖಾಲಿ ಮಾಡು ಅಂದ್ರೆ ಈ ಹುಡುಗೀನ ಕಟ್ಕೊಂಡು ಯಾವ ಬಸ್‌ಸ್ಟ್ಯಾಂಡಲ್ಲಿ ಬಿದ್ಕೊಳ್ತೀಯ?"

ಅಜ್ಜಿ ನನ್ನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಅವ್ವ ಸತ್ತ ಮೇಲೆ ನಮ್ಮಿಬ್ಬರಿಗೂ ಇದ್ದದ್ದು ಆಳುಗಳ ಲೈನಿನ ಆ ಒಂದು ಕೋಣೆ ಮತ್ತು ಅದರ ಹಿಂದಿನ ಒಲೆ.

"ಈ ವರ್ಷ ಗಟ್ಟಿಯಾಗಿ ಮಾಡು. ಅಭಿಷೇಕನ ಹೋಂಸ್ಟೇಗೆ ಗೆಸ್ಟ್‌ಗಳು ಬರ್ತಾರೆ. ಅವ್ರೂ ಪೂಜೆ ನೋಡ್ಬೇಕಂತೆ."

ಮಗ ಅಭಿಷೇಕ್ ಒಳಗಿನಿಂದ ಬಂದು ಬಗ್ಗಿ ನೋಡಿದ. ಅವನು ನಮಗೆ ಬಯ್ಯುತ್ತಿರಲಿಲ್ಲ. "ಅಜ್ಜಿ, ಎಲ್ಲಾ ಹಳೇ ಥರಾನೇ ಇರ್ಬೇಕು. ಹಳೇ ಸೀರೆ ಉಟ್ಕೊಂಡು ಬನ್ನಿ, ಆಯ್ತಾ?"

"ನನ್ನತ್ರ ಇರೋವೆಲ್ಲ ಹಳೇವೇ ಚಿಕ್ಕಯ್ಯಾ."

ವೆಂಕಟೇಶ ಮತ್ತೆ ಕೆಮ್ಮಿದ.

ತೋಟದ ಕೆಳಗಡೆ, ಹಳ್ಳಕ್ಕೆ ಇಳಿಯುವಲ್ಲಿ ಚೌಡಿಯ ಕಲ್ಲಿದೆ. ಸಾವ್ಕಾರ್ರ ಅಜ್ಜ ಬಾಳೂರಿನ ಈ ಗುಡ್ಡದ ಕಾಡು ಕಡಿಸಿ ಕಾಫಿ ಹಾಕಿದಾಗ ಮರಗಳೆಲ್ಲ ಹೋದವು, ಚೌಡಿ ಮಾತ್ರ ಎದ್ದು ಹೋಗಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಕಾಫಿ ಕೊಯ್ಲು ಶುರುವಾಗುವ ಮೊದಲು ಅವಳಿಗೆ ಸಾರಾಯಿ ಎರೆಯಬೇಕು. ಅದನ್ನು ನಮ್ಮ ಮನೆಯ ಹೆಂಗಸರ ಕೈಯೇ ಮಾಡಬೇಕು. ಒಂದು ವರ್ಷ ಅಂಗಡಿಯ ಬಾಟಲಿ ಒಡೆದು ಎರೆದಿದ್ದರಂತೆ. ಅದೇ ವಾರ ನೆರಳಿನ ಮರ ಸವರುತ್ತಿದ್ದವನೊಬ್ಬ ಕೊಂಬೆ ಮುರಿದು ಬಿದ್ದು ಸತ್ತ. ಅಲ್ಲಿಂದೀಚೆಗೆ ನಮ್ಮ ಮನೆಯ ಪಾಲು ಚೌಡಿಗೆ ಮುಟ್ಟದೆ ಒಂದು ಆಳೂ ಗಿಡಕ್ಕೆ ಕೈ ಹಾಕುವುದಿಲ್ಲ.

ಬೆಲ್ಲ ಸಾವ್ಕಾರ್ರ ಮನೆಯಿಂದ ಬಂತು. ಸಕ್ಕರೆಯನ್ನು ಅಭಿಷೇಕ್ ತನ್ನ ಶೆಡ್ಡಿನಿಂದ ಕೊಟ್ಟ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಪಕ್ಕದ ಆ ಶೆಡ್ಡಿನಲ್ಲಿ ನೀಲಿ ಡ್ರಮ್ಮುಗಳಿದ್ದವು. ಮೇಲಿನ ಬ್ಲಾಕಿನಲ್ಲಿ ಮೊದಲೇ ಹಣ್ಣಾದ ಗಿಡಗಳಿಂದ ಮನೆಯವರೇ ಆರಿಸಿದ ಕಾಫಿ, ಮೇಲೆ ಸಕ್ಕರೆ, ಏನೋ ಪುಡಿ. ಮುಚ್ಚಳಕ್ಕೊಂದು ಪೈಪು, ಪೈಪಿನ ತುದಿ ನೀರಿನ ಬಾಟಲಿಯಲ್ಲಿ. ಬಾಟಲಿಯೊಳಗೆ ಗುಳ್ಳೆ ಏಳುತ್ತಿತ್ತು. ಹಾಗೆ ಹುಳಿ ಬಂದ ಕಾಫಿಗೆ ಹೊರದೇಶದಲ್ಲಿ ಭಾರೀ ಬೆಲೆಯಂತೆ.

ಅಜ್ಜಿ ಡ್ರಮ್ಮಿಗೆ ಕೈ ತಾಗಿಸಿ ನೋಡಿದಳು. "ಇವಕ್ಕೆ ಕಂಬಳಿ ಹೊದಿಸಿಲ್ವಾ ಚಿಕ್ಕಯ್ಯಾ? ಚಳಿ ಹಿಡೀತದೆ."

"ಇದು ಬೇರೆ ಅಜ್ಜಿ. ಫರ್ಮೆಂಟೇಷನ್ನು."

"ಓ," ಅಂದಳು ಅಜ್ಜಿ. ದಾರಿಯಲ್ಲಿ ನನಗೆ ಹೇಳಿದಳು: "ಕಾಫಿಗೂ ಕುಡಿಸೋಕೆ ಶುರು ಮಾಡವ್ರೆ ನೋಡು ಕೂಸೇ. ಇನ್ನು ಗಿಡಗಳೆಲ್ಲ ತೂರಾಡ್ತವೆ."

ನಮ್ಮ ಕೊಳೆ, ಅಂದರೆ ಸಾರಾಯಿಗೆಂದು ಹುಳಿ ಬರಿಸುವ ನೀರು, ಮಣ್ಣಿನ ಮಡಕೆಯಲ್ಲಿ. ಬೆಲ್ಲ, ಸಕ್ಕರೆ ನೀರಿಗೆ ಹಾಕಿ, ಕಾಡಿನ ಮರದ ಚಕ್ಕೆ ಜಜ್ಜಿ ಸೇರಿಸಿ, ಬಾಯಿಗೆ ಬಟ್ಟೆ ಬಿಗಿದು, ಒಲೆಯ ಹಿಂದೆ ಕಂಬಳಿ ಸುತ್ತಿ ಇಡುತ್ತಿದ್ದಳು. ಇಟ್ಟ ಮೇಲೆ ಅದರ ಹೆಸರು ಎತ್ತುವಂತಿಲ್ಲ. ಯಾರಾದರೂ ಕೇಳಿದರೆ ಬಾಣಂತಿ ಮಲಗಿದ್ದಾಳೆ ಅನ್ನಬೇಕು. ಹತ್ತಿರ ಜಗಳವಾಡಬಾರದು. ಸೌದೆಗೆಂದು ಕಾಡಿಗೆ ಹೋಗಿ ವಾಪಸು ಬರದ ಹುಡುಗಿಯರು ಆ ಬೆಚ್ಚಗಿನ ಕತ್ತಲಿಗೆ ಬಂದು ಕೂರುತ್ತಾರೆ, ತಮ್ಮತಮ್ಮೊಳಗೆ ಮಾತಾಡುತ್ತಾರೆ ಎನ್ನುವುದು ಅಜ್ಜಿಯ ಕತೆ. ನಾನು ಮಡಕೆಗೆ ಕಿವಿಯಿಟ್ಟು ಕೂರುತ್ತಿದ್ದೆ. ಗುಳುಗುಳು ಸದ್ದು ಕೇಳುತ್ತಿತ್ತು. ಅವರಲ್ಲೊಬ್ಬಳು ನಗುತ್ತಿದ್ದಾಳೆ, ಇನ್ನೊಬ್ಬಳು ತಲೆ ಬಾಚಿಕೊಡು ಅನ್ನುತ್ತಿದ್ದಾಳೆ ಅನ್ನಿಸುತ್ತಿತ್ತು. ಹುಳಿ ಹೆಚ್ಚಾದಂತೆ ಮಾತು ಕಡಿಮೆಯಾಗುತ್ತದೆ. ಎಲ್ಲರೂ ಮಲಗಿದರೆಂದು ತಿಳಿದ ಮೇಲೆ ಭಟ್ಟಿ ಇಳಿಸುವುದು.

ಈ ಸಲ ಅವರು ಮಲಗುವ ಮೊದಲೇ ಜೀಪು ಬಂತು.

ನಾವು ಕಣ ತೊಳೆಯುತ್ತಿದ್ದೆವು. ಅಬಕಾರಿಯವರು ಇಳಿದರು, ಇನ್‌ಸ್ಪೆಕ್ಟರ್ ಮೂಗು ಎತ್ತಿ ಗಾಳಿ ಎಳೆದು, ನೆಟ್ಟಗೆ ಪಲ್ಪರ್ ಶೆಡ್ಡಿಗೆ ನಡೆದರು. ಕಾನ್‌ಸ್ಟೇಬಲ್ ಡ್ರಮ್ಮೊಂದರ ಮುಚ್ಚಳ ತೆಗೆದ. ನೊರೆ ಉಕ್ಕಿ ಅವನ ಶೂ ಮೇಲೆ ಬಿತ್ತು. ಹುಳಿ, ಸಿಹಿ, ಅಮಲು ಸೇರಿದ ವಾಸನೆ ಕಣದವರೆಗೂ ಹಬ್ಬಿತು. ಅಭಿಷೇಕ್ ಓಡಿಬಂದ.

"ಸಾರ್, ಸಾರ್, ಕಾಫಿ ಅದು. ಎಕ್ಸ್‌ಪೋರ್ಟಿಗೆ. ಗಾಳಿ ಆಡ್ಬಾರ್ದು, ಮುಚ್ಚಿ."

"ವಾಸನೆ ಮಾತ್ರ ಅದೇ ಅಲ್ರೀ," ಅಂದರು ಇನ್‌ಸ್ಪೆಕ್ಟರ್.

"ಪ್ರೋಸೆಸ್ ಒಂದೇ ಥರ ಸಾರ್. ಪ್ರಾಡಕ್ಟ್ ಬೇರೆ."

ಮೇಲಿಂದ ಸಾವ್ಕಾರ್ರು ಕರೆದರು: "ಬನ್ನಿ ಸಾರ್, ಕಾಫಿ ಕುಡ್ಕೊಂಡು ಮಾತಾಡಣ." ಅವರು ಜಗಲಿ ಹತ್ತಿದರು. ಕಾನ್‌ಸ್ಟೇಬಲ್ ಮುಚ್ಚಳ ಮುಚ್ಚಿ, ಶೂ ಒರೆಸಿಕೊಂಡ. ನಾವು ಕಣ ತೊಳೆಯುವುದನ್ನು ಮುಂದುವರಿಸಿದೆವು.

ಜಗಲಿಯಿಂದ ಇಳಿದವರು, ಸಾವ್ಕಾರ್ರೂ ಸೇರಿ, ಕಣದಲ್ಲಿದ್ದ ನಮ್ಮನ್ನೂ ಕರೆದುಕೊಂಡು ಸೀದಾ ನಮ್ಮ ಲೈನಿಗೆ ಬಂದರು. ಮುಂದೆ ವೆಂಕಟೇಶನಿದ್ದ. ನಮ್ಮ ಬಾಗಿಲ ಹತ್ತಿರ ನಿಂತು ಗದ್ದ ಎತ್ತಿ ತೋರಿಸಿದ, ಅಷ್ಟೆ. ಕೆಮ್ಮಲಿಲ್ಲ.

ಕಾನ್‌ಸ್ಟೇಬಲ್ ಕಂಬಳಿ ಕಿತ್ತ.

"ಅಯ್ಯಾ, ಅದು ಚೌಡೀದು," ಅಂದಳು ಅಜ್ಜಿ.

"ಚೌಡಿ ಲೈಸೆನ್ಸ್ ತಗೊಂಡಿದ್ಯಾ?" ಇನ್‌ಸ್ಪೆಕ್ಟರ್ ನಕ್ಕರು. "ಯಾರೇ ಮಾಡ್ಸಿದ್ದು ಇದನ್ನ?"

ಅಜ್ಜಿ ಸಾವ್ಕಾರ್ರನ್ನು ನೋಡಿದಳು. ಅವರು ನಮ್ಮ ಸೂರಿನ ಹೆಂಚು ನೋಡುತ್ತಿದ್ದರು.

"ನಮ್ಮನೇಲಿ ಹಣ್ಣುಕಾಯಿ ಪೂಜೆ ಸಾರ್," ಅಂದರು. "ಈ ಜನ ಗೊತ್ತಲ್ಲ ನಿಮ್ಗೆ. ಮೊಲೆ ಹಾಲಿನ ಜೊತೆಗೇ ಕುಡ್ದು ಬೆಳೆದಿರೋರು. ಎಷ್ಟು ಹೇಳಿದ್ರೂ ಕೇಳಲ್ಲ."

ನಾನು ಬಾಯಿ ತೆರೆದೆ. ಅಜ್ಜಿ ನನ್ನ ಕೈ ಹಿಡಿದು ಚಿವುಟಿದಳು. ಚರ್ಮ ಕಿತ್ತು ಬರುವ ಹಾಗೆ ಚಿವುಟಿದಳು. ಹೆಸರು ಹೇಳಿದರೆ ಸಂಜೆಗೆ ಪಾತ್ರೆ ಪಗಡೆ ಅಂಗಳದಲ್ಲಿರುತ್ತಿದ್ದವು, ನಾನೂ ಅಂಗಳದಲ್ಲಿರುತ್ತಿದ್ದೆ.

"ನಾನೇ ಮಾಡ್ದೆ," ಅಂದಳು.

ಇನ್‌ಸ್ಪೆಕ್ಟರ್ ಅರ್ಧ ಕೊಳೆಯನ್ನು ಬಾಗಿಲಲ್ಲೇ ಚೆಲ್ಲಿಸಿದರು. ಉಳಿದದ್ದನ್ನು ಅವಳ ತಲೆ ಮೇಲೆಯೇ ಹೊರಿಸಿದರು. "ನಡಿ, ನಿನ್ನ ಬಾಣಂತೀನ ನೀನೇ ಎತ್ಕೊ." ಆ ಮಾತನ್ನು ಅವರಿಗೆ ಯಾರು ಹೇಳಿಕೊಟ್ಟರೋ. ಲೈನಿನ ಮುಂದಿನಿಂದ ಜೀಪಿನವರೆಗೂ ಅಜ್ಜಿ ನಡೆದಳು. ತುಳುಕಿದ ಕೊಳೆ ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಕುತ್ತಿಗೆಗೆ ಇಳಿಯಿತು. ಕಾನ್‌ಸ್ಟೇಬಲ್ ಹಿಂದೆ ಹಿಂದೆ ನಡೆಯುತ್ತ ಮೊಬೈಲಿನಲ್ಲಿ ಹಿಡಿದುಕೊಂಡ. "ಈ ಕಡೆ ನೋಡೇ ಮುದ್ಕಿ."

ಅಜ್ಜಿ ಜೀಪು ಹತ್ತಿ ಮಡಕೆಯನ್ನು ತೊಡೆ ಮೇಲೆ ಇಟ್ಟುಕೊಂಡಳು. "ನಿಧಾನ ಬಿಡಪ್ಪಾ," ಅಂದಳು ಡ್ರೈವರಿಗೆ, "ತುಳುಕಿದ್ರೆ ನಿನ್ನ ಜೀಪಿಗೆ ಮತ್ತು ಬರ್ತದೆ."

ಯಾರೂ ನಗಲಿಲ್ಲ.

ಮಾರನೆಯ ದಿನ ಸಾವ್ಕಾರ್ರು ನನ್ನನ್ನು ಕರೆಸಿದರು. ಅದೇ ಕಣದ ಅಂಚು.

"ಪೂಜೆ ಹತ್ರ ಬಂತು. ಹಣ್ಣು ಕೆಂಪಾಗಿ ಉದುರ್ತಿದೆ. ಕೊಳೆ ನೀನು ಹಾಕು ಈ ಸಲ."

"ಅಜ್ಜಿ ಬರ್ಲಿ ಅಯ್ಯಾ ಮೊದ್ಲು."

"ಏನೇ, ಷರತ್ತು ಹಾಕ್ತೀಯ ನಂಗೆ? ಕೊಬ್ಬು ನೋಡಿದ್ಯಾ ವೆಂಕಟೇಶ? ನಾಲ್ಕು ಅಕ್ಷರ ಕಲಿಸಿದ್ದೇ ತಪ್ಪಾಯ್ತು ಈ ಬೇವರ್ಸಿಗಳಿಗೆ." ಆಮೇಲೆ ದನಿ ಇಳಿಸಿದರು. "ಪೂಜೆ ಮುಗೀಲಿ. ವಕೀಲ್ರಿಗೆ ಹೇಳಿ ನಾನೇ ಬಿಡಿಸ್ತೀನಿ. ಈಗ ಯಾರೂ ಬರಲ್ಲ ಇಲ್ಲಿಗೆ, ಇನ್‌ಸ್ಪೆಕ್ಟ್ರಿಗೆ ಹೇಳಾಗಿದೆ. ಧೈರ್ಯವಾಗಿ ಹಾಕು."

ನಾನು ಬಣಕಲ್ಲಿಗೆ ಹೋಗಿ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಹೋದೆ. ಜೈಲಿನ ಜಾಲರಿಯ ಆಚೆ ಅಜ್ಜಿ ಚಿಕ್ಕದಾಗಿ ಕಂಡಳು. ಕೂದಲು ಇನ್ನೂ ಅಂಟಂಟಾಗಿತ್ತು.

"ಉಂಡ್ಯಾ?" ಅಂದಳು ಮೊದಲು. ಆಮೇಲೆ, "ಹಾಕು ಅಂದ್ರಾ?"

"ಹೂಂ. ಪೂಜೆ ಆದ್ಮೇಲೆ ವಕೀಲ್ರನ್ನ ಕಳಿಸ್ತಾರಂತೆ."

ಅಜ್ಜಿ ಜಾಲರಿಗೆ ಹಣೆ ಒತ್ತಿ ನಕ್ಕಳು. "ಪೂಜೆ ಆದ್ಮೇಲೆ ನಾನ್ಯಾತಕ್ಕೆ ಬೇಕೇ ಅವ್ರಿಗೆ? ಇನ್ನೊಂದು ವರ್ಷಕ್ಕೆ ನೀನಿದ್ದೀಯ. ಕೈ ಕಲ್ತಿರ್ತದೆ ನಿಂಗೆ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಪಕ್ಕದ ಕೋಣೆಯವಳೊಬ್ಬಳು ರಾತ್ರಿಯೆಲ್ಲ ಹಾಡುತ್ತಾಳೆ, ದನಿ ಚೆನ್ನಾಗಿದೆ ಅಂದಳು. ಹೊರಡುವಾಗ ಕೇಳಿದೆ: "ಹಾಕ್ಲಾ, ಬ್ಯಾಡ್ವಾ?"

"ಚೌಡಿ ಏನು ತಪ್ಪು ಮಾಡವ್ಳೆ? ಅವಳ ಪಾಲು ಅವಳಿಗೆ ಕೊಡು," ಅಂದಳು. "ಉಳ್ದಿದ್ದು ನಿಂಗೆ ಬಿಟ್ಟಿದ್ದು."

ಹಾಕಿದೆ. ಹೊಸ ಮಡಕೆ, ಅದೇ ಕಂಬಳಿ. ಕಿವಿಯಿಟ್ಟಾಗ ಮೊದಲು ಏನೂ ಕೇಳಲಿಲ್ಲ. ನನ್ನ ಕೈ ಅವರಿಗೆ ಹೊಸದು. ಆಮೇಲೆ ಒಂದು ಬೆಳಿಗ್ಗೆ ಮೆಲ್ಲಗೆ ಶುರುವಾಯಿತು. ಅವರು ನಗುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ, ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದ ಹಾಗಿತ್ತು. ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ಪೂಜೆಯ ದಿನ ಚೌಡಿಯ ಕಲ್ಲಿನ ಸುತ್ತ ಜಾಗ ಸವರಿ ಚಪ್ಪರ ಹಾಕಿದ್ದರು. ಒಂದು ಕಡೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಭಿಷೇಕನ ಗೆಸ್ಟ್‌ಗಳು, ಕೈಯಲ್ಲಿ ಮೊಬೈಲು. ಇನ್ನೊಂದು ಕಡೆ ಬಾಡೂಟದ ಎಲೆ ಆಗಲೇ ಹಾಕಿದ್ದರು. ಮೊದಲ ಎಲೆಗೆ ಇನ್‌ಸ್ಪೆಕ್ಟರ್ ಕೂತಿದ್ದರು, ಯೂನಿಫಾರ್ಮ್ ಇಲ್ಲದೆ, ಹೂವಿನ ಚಿತ್ರದ ಅಂಗಿ ಹಾಕಿಕೊಂಡು. ಕೆಳಗೆ, ಗಿಡಗಳ ಸಾಲಿನಲ್ಲಿ ಆಳುಗಳು ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು ನಿಂತಿದ್ದರು. ಲೈನಿನ ನಮ್ಮವರು, ಅವರ ಹಿಂದೆ ಅಸ್ಸಾಮಿನಿಂದ ಬಂದವರು.

"ಮೆಲ್ಲಗೆ ಎರೆದು ಸರೀಬೇಕು," ವೆಂಕಟೇಶ ನನ್ನ ಪಕ್ಕ ಬಂದು ಹೇಳಿದ. "ಕೂಗೋದು ಗೀಗೋದು ಬೇಡ್ವಂತೆ ಈ ಸಲ. ಕೇಳಿದ್ರೆ ತೀರ್ಥ ಅನ್ನು."

"ಕೂಗ್ದೆ ಚೌಡಿಗೆ ಮುಟ್ಟಲ್ಲ ವೆಂಕಟೇಶಣ್ಣ."

"ನಂಗೂ ಗೊತ್ತು ಮಾರಾಯ್ತಿ." ಅವನು ನನ್ನ ಮುಖ ನೋಡಲಿಲ್ಲ. "ನಾನು ಹೇಳೋದು ಹೇಳ್ದೆ."

ಎರೆಯುವವಳು ಚೌಡಿಗೆ ಕೂಗಿ ಹೇಳಬೇಕು: ಇಂಥವರು ಮಾಡಿಸಿದ್ದು, ಇಂಥವರು ಮಾಡಿದ್ದು. ಆಮೇಲೆ ಉಳಿದದ್ದರಲ್ಲಿ ಒಂದು ದೊನ್ನೆ ತೋಟದ ಯಜಮಾನನಿಗೆ. ಅವನು ಕುಡಿದ ಮೇಲೆ ಆಳುಗಳು ಹಣ್ಣಿಗೆ ಕೈ ಹಾಕುವುದು. ನಮ್ಮ ಕೈ ಮುಟ್ಟಿದ್ದು ಯಜಮಾನರ ಬಾಯಿಗೆ ಹೋಗುವುದು ವರ್ಷಕ್ಕೆ ಅದೊಂದೇ ಸಲ.

ನಾನು ಕಲ್ಲಿನ ಮುಂದೆ ಕೂತು, ಭಟ್ಟಿ ಇಳಿಸಿ ತಂದ ಚೊಂಬಿನ ಮೇಲಿನ ಎಲೆ ತೆಗೆದೆ. ವಾಸನೆ ಎದ್ದಿತು. ಗೆಸ್ಟ್ ಹೆಂಗಸೊಬ್ಬಳು ಮೊಬೈಲು ಹಿಡಿದು ಹತ್ತಿರ ಬಂದಳು. ಎರೆದೆ. ಕಲ್ಲು ಕಪ್ಪಾಯಿತು.

"ಅವ್ವಾ ಚೌಡೀ," ಎಂದು ಕೂಗಿದೆ. ನನ್ನ ದನಿ ಹಳ್ಳದ ಆಚೆಯಿಂದ ವಾಪಸು ಬಂತು. "ಈ ತೋಟದ ರೇಣುಕಪ್ರಸಾದ್ ಅವ್ರು ಮಾಡ್ಸಿದ್ದು. ಬೆಲ್ಲ ಅವ್ರದ್ದು, ಸಕ್ರೆ ಅವ್ರ ಮಗಂದು. ಮೊದ್ಲು ಹಾಕ್ದೋಳು ದೇವೀರಮ್ಮ. ಅವಳನ್ನ ಹಿಡ್ಕೊಂಡು ಹೋದೋರು ಇಲ್ಲೇ ಎಲೆ ಮುಂದೆ ಕೂತವ್ರೆ. ಅವಳು ಜೈಲಲ್ಲವ್ಳೆ. ಇದು ಅವಳ ಮೊಮ್ಮಗಳು ಮಾಡಿದ್ದು. ತಗೊ."

ಮಾಂಸ ಬಡಿಸುತ್ತಿದ್ದವನ ಸೌಟು ಗಾಳಿಯಲ್ಲೇ ನಿಂತಿತು. "ವಾಟ್ ಈಸ್ ಶಿ ಸೇಯಿಂಗ್?" ಅಂದಳು ಗೆಸ್ಟ್ ಹೆಂಗಸು. ಅಭಿಷೇಕ್ ಅವಳ ಮೊಬೈಲಿಗೆ ಅಂಗೈ ಅಡ್ಡ ಹಿಡಿದ. ಉಳಿದವರ ಮೊಬೈಲುಗಳಿಗೆ ಅಡ್ಡ ಹಿಡಿಯಲು ಅವನಿಗೆ ಬೇರೆ ಕೈಗಳಿರಲಿಲ್ಲ.

ನಾನು ದೊನ್ನೆ ತುಂಬಿ ಎದ್ದು ಸಾವ್ಕಾರ್ರ ಮುಂದೆ ಚಾಚಿದೆ.

"ಬಿಸಾಕಿ ಹೋಗೇ ಲೌಡಿ," ಅಂದರು ಹಲ್ಲಿನ ಸಂದಿಯಿಂದ. "ನಾಳೆ ನೀನು ಲೈನಲ್ಲಿ ಹೆಂಗಿರ್ತೀಯ ನೋಡ್ತೀನಿ."

"ಕುಡೀರಿ ಅಯ್ಯಾ. ಆಳು ಕಾಯ್ತವ್ರೆ."

ಅವರು ಇನ್‌ಸ್ಪೆಕ್ಟರ್ ಕಡೆ ನೋಡಿದರು. ಇನ್‌ಸ್ಪೆಕ್ಟರ್ ಎಲೆಯ ಮೇಲಿನ ಮೂಳೆಯನ್ನು ಆ ತುದಿಯಿಂದ ಈ ತುದಿಗೆ ಸರಿಸುತ್ತಿದ್ದರು.

"ಇಲ್ದಿದ್ರೆ ಅಜ್ಜೀನ ಕರ್ಸಿ," ಅಂದೆ. "ಅವಳು ಬಂದು ಕೊಡ್ಲಿ. ಅಲ್ಲೀವರೆಗೂ ಹಿಡ್ಕೊಂಡಿರ್ತೀನಿ."

"ಏ, ಇಳೀರೋ ತೋಟಕ್ಕೆ," ಸಾವ್ಕಾರ್ರು ಆಳುಗಳ ಕಡೆ ತಿರುಗಿ ಕಿರುಚಿದರು. "ವೆಂಕಟೇಶ, ಇಳ್ಸೋ ಅವ್ರನ್ನ."

ವೆಂಕಟೇಶ ಗಿಡಗಳ ಕಡೆ ಎರಡು ಹೆಜ್ಜೆ ಹಾಕಿ ನಿಂತ. ಅವನಿಗೆ ಕೆಮ್ಮು ಬಂತು. ತುಂಬ ಹೊತ್ತು ಬಂತು.

ಸಾಲಿನ ತುದಿಯಲ್ಲಿದ್ದ ಮುದುಕಿಯೊಬ್ಬಳು ಸೊಂಟದ ಚೀಲದ ಗಂಟು ಬಿಚ್ಚಿ, ಚೀಲವನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕೂತಳು. ಪಕ್ಕದವಳೂ ಬಿಚ್ಚಿದಳು. ಅಸ್ಸಾಮಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರೂ ಕೂತರು. ಹಣ್ಣು ತುಂಬಿ ಬಗ್ಗಿದ್ದ ಗಿಡಗಳ ಕೆಳಗೆ ಅವರ ತಲೆಗಳು ಒಂದೊಂದೇ ಮರೆಯಾದವು. ದೊನ್ನೆಯ ಎಲೆಯ ಸಂದಿಯಿಂದ ಸಾರಾಯಿ ಸೋರಿ ನನ್ನ ಮೊಣಕೈಗೆ ಇಳಿಯುತ್ತಿತ್ತು. ನಾನು ಚೊಂಬಿನಿಂದ ದೊನ್ನೆಗೆ ಮತ್ತೆ ತುಂಬಿಕೊಂಡೆ.