ಹಿಂದೆ ಸರಿದ ಗುಡ್ಡ

ಗುಡ್ಡದ ಚಿತ್ರ ಬರೆದು ಹೊಟ್ಟೆ ಹೊರೆಯುತ್ತೇನೆಂದು ಸುರಪುರದಲ್ಲಿ ಯಾರಾದರೂ ಹೇಳಿದರೆ, ಇವನ ತಲೆ ನೆಟ್ಟಗಿದೆಯೇ ಎಂದು ಜನ ಮುಖ ನೋಡುತ್ತಿದ್ದ ಕಾಲ ಅದು. ನಿಜಾಮರ ಆಳಿಕೆ ಮುಗಿಯಲು ಇನ್ನೂ ಏಳೆಂಟು ವರ್ಷವಿತ್ತು. ಚಿತ್ರವೆಂದ ಮೇಲೆ ಅದರಲ್ಲಿ ದೇವರಿರಬೇಕು, ಇಲ್ಲವೇ ದೊರೆಯಿರಬೇಕು, ಮೈತುಂಬ ಬಂಗಾರದ ರೇಕು ಹೊಳೆಯಬೇಕು. ಬಾಗಿಲು ತೆರೆದರೆ ಪುಕ್ಕಟೆಯಾಗಿ ಕಾಣುವ ಗುಡ್ಡವನ್ನು ಅರಿವೆಯ ಮೇಲೆ ಬರೆದು ಗೋಡೆಗೆ ತೂಗುಹಾಕುವುದು ಯಾವ ಸೀಮೆಯ ಶಹಾಣೆತನ ಎಂದು ಅಯ್ಯಣ್ಣನೇ ಎಷ್ಟೋ ಸಲ ನಕ್ಕಿದ್ದ.

ಅಯ್ಯಣ್ಣ ದೇವರ ಚಿತ್ರ ಬರೆಯುವ ಮನೆತನದವನು. ಅವನ ಅಪ್ಪ ಬರೆದ ಕೃಷ್ಣನ ಮುಂದೆ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರಂತೆ. ಮಗನ ಕಾಲಕ್ಕೆ ಮುಂಬೈಯಿಂದ ಅಚ್ಚಿನ ದೇವರುಗಳು ಸುರುಳಿ ಸುರುಳಿಯಾಗಿ ಬರತೊಡಗಿದವು. ಗುಂಡು ಗಲ್ಲದ, ಗುಲಾಬಿ ತುಟಿಯ ಆ ದೇವರುಗಳನ್ನು ಕಂಡರೆ ಅಯ್ಯಣ್ಣನ ಮೈಯೆಲ್ಲ ಉರಿಯುತ್ತಿತ್ತು. ಉರಿದರೇನು ಬಂತು? ಕೊಳ್ಳುವವರು ಅವನ್ನೇ ಕೊಂಡರು. ಹೆಂಡತಿ ಮರಿಲಿಂಗಮ್ಮ ಒಂದು ದಿನ, ಮಕ್ಕಳಿಗೆ ಕುಂಚ ನೆಕ್ಕಿಸಿ ಮಲಗಿಸಲಾ ಎಂದು ಕೇಳಿದಳು. ರಾಮಸಮುದ್ರದಲ್ಲಿದ್ದ ಅವಳ ತಮ್ಮ ಸೂಗಪ್ಪ, ಯಾದಗಿರಿಯ ಹತ್ತಿ ಗಿರಣಿಯಲ್ಲಿ ಭಾವನಿಗೊಂದು ಕೆಲಸ ಗೊತ್ತುಮಾಡಿದ. ಬರುವ ಸೋಮವಾರದಿಂದ ಹತ್ತಿಯ ಅಂಡಿಗೆ ಕಟ್ಟುವ ಕೆಲಸ. ಅದನ್ನು ಕಟ್ಟಿದ ಬೆರಳು ಆಮೇಲೆ ದೇವರ ಹುಬ್ಬು ತೀಡಲಾರದು ಎಂಬುದು ಅಯ್ಯಣ್ಣನಿಗೂ ಗೊತ್ತಿತ್ತು, ಮರಿಲಿಂಗಮ್ಮನಿಗೂ ಗೊತ್ತಿತ್ತು.

ಸುದ್ದಿ ಭಾಗಣ್ಣನ ಕಿವಿಗೆ ಬಿತ್ತು. ಈ ಭಾಗಣ್ಣನೇ ಊರಿನ ಗುಡ್ಡದ ಚಿತ್ರಗಾರ. ಹೈದರಾಬಾದಿನಲ್ಲಿ ಕಲಿತು ಬಂದು, ಛತ್ರಿ ಊರಿ, ಬಣ್ಣದ ಪೆಟ್ಟಿಗೆ ತೆರೆದು ಬಯಲಲ್ಲಿ ದಿನವಿಡೀ ಕೂರುತ್ತಿದ್ದ. ದೇವಾಪುರದ ರೈತರು ಅವನನ್ನು ಕಂದಾಯ ಏರಿಸಲು ಬಂದ ಸರಕಾರದ ಮನುಷ್ಯನೆಂದು ತಿಳಿದು ಎತ್ತು ಬಿಟ್ಟು ಓಡಿದ್ದೂ ಉಂಟು. ನಗುವವರು ನಗಲಿ, ಅವನ ಗುಡ್ಡಗಳ ಮೇಲೆ ಬಿದ್ದ ಸಂಜೆ ಬಿಸಿಲನ್ನು ಮುಟ್ಟಿದರೆ ಬೆಚ್ಚಗಿರುತ್ತದೆ ಎನ್ನಿಸುತ್ತಿತ್ತು. ದೊಡ್ಡ ದೊಡ್ಡ ಹವೇಲಿಗಳವರು ಹೇಳಿಕಳಿಸಿ ಬರೆಸುತ್ತಿದ್ದರು.

ಅದಕ್ಕಿಂತ ದೊಡ್ಡದು ಅವನ ಇನ್ನೊಂದು ಗುಣ. ಬಂದ ಕೆಲಸವನ್ನು ಒಬ್ಬನೇ ಉಂಡವನಲ್ಲ ಆತ. ಪ್ರತಿ ಚಿತ್ರದಲ್ಲೂ ಒಂದಿಷ್ಟು ಜಾಗ ಖಾಲಿ ಬಿಡುತ್ತಿದ್ದ. ಹಕ್ಕಿ ಬರೆಯುವವನಿಗೊಂದು ಕೊಂಬೆ, ಎತ್ತು ಬರೆಯುವವನಿಗೊಂದು ಹೊಲ. ಕೊಳ್ಳುವವರ ಮುಂದೆ ಪ್ರತಿಯೊಬ್ಬನ ಹೆಸರು ಹೇಳಿ ಅವರವರ ಪಾಲು ಅವರವರ ಕೈಗೇ ಕೊಡಿಸುತ್ತಿದ್ದ. ಕೆಲಸವಿಲ್ಲದ ಚಿತ್ರಗಾರರು ಅವನ ಪಡಸಾಲೆಯಲ್ಲೇ ಉಂಡು ಮಲಗುತ್ತಿದ್ದರು. ಅವರಿಗೆಲ್ಲ ರೊಟ್ಟಿ ಬಡಿದು ಬಡಿದು ಸಾಕಾಗಿದ್ದ ಹೆಂಡತಿ ರತ್ನಾಬಾಯಿ, ಈ ಮನೆಗೆ ಧರ್ಮಶಾಲೆಯೆಂದು ಫಲಕ ಹಾಕಿಸಿರೆಂದು ಬೈಯುತ್ತಲೇ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಭಾಗಣ್ಣ ಅಯ್ಯಣ್ಣನ ಮನೆಗೆ ತಾನೇ ಬಂದ. ಯಾದಗಿರಿಯ ಜಾಗೀರದಾರರೊಬ್ಬರು ದಿವಾನಖಾನೆಗೆಂದು ಶಹಾಪುರದ ಗುಡ್ಡದ ಚಿತ್ರ ಬರೆಸುತ್ತಿದ್ದಾರೆ, ಅದರಲ್ಲೊಬ್ಬ ಕುರಿ ಕಾಯುವವ ಬೇಕು, ನಿನ್ನ ಹೊರತು ಯಾರಿಂದಲೂ ಆಗದು ಎಂದ. ಜಾಗೀರದಾರರಿಗೆ ಹಿಡಿಸಿದರೆ ಮುಂದೆ ಕೆಲಸ ಸಿಗುತ್ತದೆ, ಗಿರಣಿಯ ಮಾತು ಆಮೇಲೆ ನೋಡೋಣ ಎಂದೂ ಸೇರಿಸಿದ. ಅಯ್ಯಣ್ಣ ಬಿಗುಮಾನ ಮಾಡಿದ. ದೇವರನ್ನು ಬರೆದ ಕೈಯಿಂದ ಕುರಿ ಕಾಯುವವನೇ? ಕೊನೆಗೆ ಮರಿಲಿಂಗಮ್ಮನ ಮುಖ ನೋಡಿ ಎದ್ದು ಹೋದ.

ಭಾಗಣ್ಣನ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿದ್ದ ಚಿತ್ರ ಕಂಡು ಅಯ್ಯಣ್ಣನ ನಗೆ ಅಡಗಿತು. ಮಂಚದಷ್ಟು ಅಗಲದ ಅರಿವೆಯ ತುಂಬ ಶಹಾಪುರದ ಗುಡ್ಡ ಮೈಚಾಚಿ ಮಲಗಿತ್ತು. ಒಂದು ಚಳಿಗಾಲವಿಡೀ ಅದರ ಬುಡದಲ್ಲಿ ಕೂತು ಬರೆದದ್ದು ಅದು. ಬಂಡೆ ಬಂಡೆಗೂ ಬಿಸಿಲು ಬೇರೆ ಇತ್ತು. ಬುಡದಲ್ಲಿ ಒಂದು ಕಡೆ ಮಾತ್ರ ಭಾಗಣ್ಣ ಜಾಗ ಬಿಟ್ಟಿದ್ದ. ಅದನ್ನು ಬೆರಳಿನಿಂದ ತೋರಿಸಿ, ತಿಂಥಣಿಯಲ್ಲಿ ಜ್ವರ ಹಿಡಿದು ಮಲಗಿದ್ದ ಗೆಳೆಯನೊಬ್ಬನನ್ನು ನೋಡಿಬರಲು ಹೊರಟುಹೋದ.

ಅಯ್ಯಣ್ಣನ ಮನೆತನದವರು ನಿಂತು ಬರೆದವರಲ್ಲ. ಹಲಗೆಯನ್ನು ನೆಲಕ್ಕೆ ಹಾಕಿ, ಚಕ್ಕಳಮಕ್ಕಳ ಕೂತು, ಮೂಗು ಬಣ್ಣಕ್ಕೆ ತಾಗುವಷ್ಟು ಬಾಗಿ, ಒಂದು ಗೇಣು ಮುಗಿಸಿ ಮುಂದಿನ ಗೇಣಿಗೆ ಹೋಗುವವರು. ಚಿತ್ರದ ಮುಖ್ಯ ಮೂರ್ತಿಯನ್ನು ದೊಡ್ಡದಾಗಿ ಬರೆದು ಮರ, ಮಾಳಿಗೆ, ಮಂದಿಯನ್ನೆಲ್ಲ ಅದಕ್ಕಿಂತ ಚಿಕ್ಕದು ಮಾಡುವುದು ಅವರ ಪದ್ಧತಿ. ಅಯ್ಯಣ್ಣನೂ ಚೌಕಟ್ಟನ್ನು ನೆಲಕ್ಕೆ ಮಲಗಿಸಿ ಕೂತ. ಕೂತ ಮೇಲೆ ಅವನಿಗೆ ಜಗತ್ತೇ ಬೇಡವಾಯಿತು. ಕಂಬಳಿಯ ಒಂದೊಂದು ನೂಲು, ಕಿವಿಯ ಒಂಟಿ, ಕೋಲು ಹಿಡಿದ ಬೆರಳ ಗೆಣ್ಣು, ಕುರಿ ತಪ್ಪಿಸಿಕೊಂಡೀತೆಂಬ ಕಣ್ಣಿನ ದಿಗಿಲು. ಎಷ್ಟೋ ದಿನದ ಮೇಲೆ ಕೈ ತಾನಾಗಿ ಓಡಿತು. ಮುಗಿಸಿದವನು ಹಾಗೇ ನೆಲದ ಮೇಲೆ ಬಿಟ್ಟು, ಗಿರಣಿಯವರಿಗೆ ಈಗಲೇ ಖಾತ್ರಿ ಮಾತು ಕೊಡಬೇಡ ಎಂದು ಸೂಗಪ್ಪನಿಗೆ ಹೇಳಲು ರಾಮಸಮುದ್ರಕ್ಕೆ ನಡೆದ.

ಎರಡು ದಿನ ಬಿಟ್ಟು ತಿರುಗಿ ಬಂದ ಹೊತ್ತಿಗೆ ಭಾಗಣ್ಣ ತಿಂಥಣಿಯಿಂದ ಮರಳಿದ್ದ, ಜಾಗೀರದಾರರ ಕಾರಕೂನ ಪಡಸಾಲೆಯಲ್ಲಿ ಬಂದು ಕೂತಿದ್ದ. ಚಿತ್ರ ಗೋಡೆಗೆ ನಿಂತಿತ್ತು. ಕುರಿ ಕಾಯುವವ ಕಣ್ಣೆದುರೇ ಒಂದು ಬಂಡೆಯ ಮೇಲೆ ನಿಂತಿದ್ದ. ಕರೆದರೆ ಓ ಎನ್ನುವ ಹಾಗಿದ್ದ. ಅವನ ಬೆನ್ನ ಹಿಂದೆ ಜೋಳದ ಹೊಲಗಳು, ಹೊಲಗಳಾಚೆ ಒಂದು ಕೆರೆ, ಅದಕ್ಕೂ ಆಚೆ ನೀಲಿಯಾಗಿ, ಸಣ್ಣದಾಗಿ ಗುಡ್ಡ. ಗುಡ್ಡ ಬದಲಾದದ್ದು ಅಯ್ಯಣ್ಣನಿಗೆ ಕಂಡಿತು. ಆದರೆ ಅವನ ಕಣ್ಣು ತನ್ನ ಮನುಷ್ಯನನ್ನು ಬಿಟ್ಟು ಹೊರಳಿದರೆ ತಾನೇ?

ಕಾರಕೂನ ಬಹಳ ಹೊತ್ತು ನೋಡಿದ. "ಗುಡ್ಡ ಸೋತದ ಭಾಗಣ್ಣ. ಸಾಹೇಬ್ರು ಗುಡ್ಡಾನ ದೊಡ್ಡದಿರ್ಲಿ ಅಂದಿದ್ರು," ಎಂದ. "ಆದ್ರ ಈ ಮನುಷ್ಯಾ ಮಾತ್ರ ಬಹುತ್ ಖೂಬ್. ಯಾರು ಬರ್ದವರು?"

ಭಾಗಣ್ಣ ಅಯ್ಯಣ್ಣನ ಹೆಗಲ ಮೇಲೆ ಕೈಯಿಟ್ಟು ಮುಂದೆ ತಂದ. ಹೊಸ ದಿವಾನಖಾನೆಯ ಬಾಗಿಲುಗಳ ಮೇಲೆ ಚಿತ್ರ ಬರೆಯುವ ಕೆಲಸ ಸೋಮವಾರದಿಂದಲೇ ಅಯ್ಯಣ್ಣನದು ಎಂದು ಕಾರಕೂನ ಅಲ್ಲೇ ಗೊತ್ತುಮಾಡಿದ. ಗೋಡೆಯ ಮೇಲೆ ಇನ್ನಷ್ಟು ಗುಡ್ಡ, ಹೊಳೆ ಬರೆಸುವುದಿತ್ತು. ಅದಕ್ಕೆ ಹೈದರಾಬಾದಿನವರನ್ನೇ ಕರೆಸುತ್ತೇವೆ ಎಂದು ಭಾಗಣ್ಣನ ಮುಖ ನೋಡದೆ ಹೇಳಿದ. ಭಾಗಣ್ಣ ಆಗ್ಲಿ ಬಿಡ್ರಿ ಎಂದು ತಲೆದೂಗಿದ.

ಅಯ್ಯಣ್ಣನ ಕಾಲು ನೆಲದ ಮೇಲಿರಲಿಲ್ಲ. ಕಾರಕೂನ ಬಂಡಿಯ ಕಡೆಗೆ ಹೋದದ್ದೇ, ಈ ಸಲ ದೇವರ ಮನೆತನದವರ ಮುಂದೆ ನಿಮ್ಮ ಗುಡ್ಡ ಬಗ್ಗಿತು ನೋಡ್ರಿ ಎಂದು ಭಾಗಣ್ಣನನ್ನು ಚೇಷ್ಟೆ ಮಾಡಿದ. ಭಾಗಣ್ಣ ನಕ್ಕ. ಒಳಗೆ ರತ್ನಾಬಾಯಿ ತಾಮ್ರದ ಕೊಡ ಧಡಾರನೆ ಕುಕ್ಕಿದಳು.

ಇಬ್ಬರೂ ಚಿತ್ರವನ್ನು ಎತ್ತಿಕೊಂಡು ಹೊರಟರು, ಭಾಗಣ್ಣ ಮುಂದೆ, ಅಯ್ಯಣ್ಣ ಹಿಂದೆ. ಅಂಗಳಕ್ಕೆ ಇಳಿಯುತ್ತಲೇ ಸಂಜೆಯ ಬಿಸಿಲು ಅರಿವೆಯ ಮೇಲೆ ಓರೆಯಾಗಿ ಬಿತ್ತು. ಆಕಾಶದ ತಿಳಿ ಬಣ್ಣದ ಕೆಳಗೆ ಏನೋ ಉಬ್ಬಿದಂತೆ ಕಂಡಿತು. ಅಯ್ಯಣ್ಣ ಬಗ್ಗಿ ನೋಡಿದ. ಒಣಗಿದ ಹಳೆಯ ಬಣ್ಣದ ದಪ್ಪ ಏಣು ಚಿತ್ರದ ಈ ತುದಿಯಿಂದ ಆ ತುದಿಯವರೆಗೆ ಹರಿದಿತ್ತು. ಅದು ಮೊದಲಿನ ಗುಡ್ಡದ ನೆತ್ತಿ. ಸರಿಯಾಗಿ ಕುರಿ ಕಾಯುವವನ ನೆತ್ತಿಯ ಎತ್ತರಕ್ಕೇ ಇತ್ತು.

ಗುಡ್ಡದ ಬುಡದಲ್ಲಿ ನಿಲ್ಲಬೇಕಾದ ಮನುಷ್ಯನನ್ನು ತಾನು ಗುಡ್ಡದಷ್ಟೇ ಎತ್ತರ ಬರೆದಿದ್ದ. ನೆಲದ ಮೇಲೆ ಮೂಗು ಊರಿ ಕೂತವನಿಗೆ ಅದು ಕಂಡಿರಲಿಲ್ಲ. ಎತ್ತಿ ನಿಲ್ಲಿಸಿದವನಿಗೆ ಕಂಡಿತ್ತು. ಹಾಗೇ ಬಿಟ್ಟಿದ್ದರೆ ಕಾರಕೂನ ಹೊಟ್ಟೆ ಹಿಡಿದು ನಗುತ್ತಿದ್ದ. ಮನುಷ್ಯನನ್ನು ಅಳಿಸುವುದು ಭಾಗಣ್ಣನಿಗೆ ಒಂದು ಹೊತ್ತಿನ ಕೆಲಸ. ಅವನು ಆ ಮನುಷ್ಯನ ಒಂದು ಕೂದಲನ್ನೂ ಮುಟ್ಟಿರಲಿಲ್ಲ. ಕಾಲಡಿಗೆ ಬಂಡೆ ಕೊಟ್ಟು ಅವನನ್ನು ಹತ್ತಿರ ತಂದು, ನಡುವೆ ಹೊಲ, ಕೆರೆ ಹಾಸಿ, ಚಳಿಗಾಲವಿಡೀ ಕೂತು ಬರೆದ ತನ್ನ ಗುಡ್ಡವನ್ನೇ ಅಳಿಸಿ ಹಿಂದೆ ಸರಿಸಿದ್ದ.

"ಅಣ್ಣಾ," ಎಂದ ಅಯ್ಯಣ್ಣ. "ನನ್ನ ಮನುಷ್ಯಾನ್ನ ಅಳಿಸಿದ್ರ ಆಗ್ತಿತ್ತಲ್ರಿ. ಅಂಥಾ ಗುಡ್ಡ ಯಾಕ ಅಳಿಸಿದ್ರಿ?"

ಭಾಗಣ್ಣ ತಿರುಗಿ ನೋಡಲಿಲ್ಲ. "ಗುಡ್ಡ ಶಹಾಪುರದಾಗ ಹಂಗ ಅದ, ಹೋಗಿ ಮತ್ತ ಬರೀತೀನಿ. ನೀ ಗಿರಣಿಗಿ ಹೋಗಿದ್ರ ನಿನ್ನ ಎಲ್ಲಿಂದ ತರಬೇಕಿತ್ತು?" ಎಂದ. ನಾಲ್ಕು ಹೆಜ್ಜೆ ನಡೆದು, "ಮೆಲ್ಲಗ ಹಿಡಿ. ಬಣ್ಣ ಇನ್ನಾ ಹಸಿ ಅದ," ಎಂದ.

ಅಯ್ಯಣ್ಣನ ಎರಡೂ ಕೈಯಲ್ಲಿ ಚೌಕಟ್ಟಿತ್ತು. ಕಣ್ಣು ಒರೆಸಿಕೊಳ್ಳಲಾಗದೆ ಅವನು ಬಂಡಿಯವರೆಗೂ ಹಾಗೆಯೇ ನಡೆದ.