ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ನಾಲ್ಕನೆಯ ಕುರ್ಚಿಯ ಮುಂದೆ ಹಸಿರು, ಇರಲಾರದು, ಬೆಳಕಿನ ಆಟವಿರಬೇಕು, ಮೇ ತಿಂಗಳ ಬೆಳಗಿನ ಬೆಳಕು ಸಮುದ್ರದ ಕಡೆಯಿಂದ ಬಂದು ಎಲ್ಲ ಬಣ್ಣವನ್ನೂ ತೊಳೆದುಬಿಡುತ್ತದೆ, ಎಂದುಕೊಂಡು ರಿಕ್ಕೆ ಪರದೆಯನ್ನು ಪೂರ್ತಿ ಸರಿಸಿದಳು, ಹಸಿರು ಹಸಿರಾಗಿಯೇ ಉಳಿಯಿತು — ಮೇಜಿನ ಎಡಸಾಲಿನುದ್ದಕ್ಕೂ ಕೆಂಪು ಕಾಗದದ ಹಾಯಿಗಳು ನಿಂತಿರಬೇಕಾದಲ್ಲಿ ನಡುವೆ ಒಂದು ಹಸಿರು, ಅದರಾಚೆ ಕೆಂಪು, ಮತ್ತೊಂದು ಹಸಿರು, ಬಲಸಾಲಿನಲ್ಲಿ ಹಸಿರುಗಳ ಮಧ್ಯೆ ಅಲ್ಲಲ್ಲಿ ಕೆಂಪು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಅಮ್ಮ, ಹಡಗಿನ ದೀಪದ ಥರ, ಮೇಜೇ ಹಡಗು, ಅಜ್ಜ ಮೂತಿಯ ಹತ್ರ ಕೂತ್ಕೊಳ್ಳಲಿ, ಅಂದಿದ್ದ ಆಸ್ಗರ್ ಮಾರ್ಚ್‌ನಲ್ಲಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. ಹದಿನಾಲ್ಕರಲ್ಲಿ ತಮ್ಮ ನಂಬಿಕೆ ಒಪ್ಪಿಕೊಳ್ಳುವ ದೃಢೀಕರಣದ ಮಕ್ಕಳು ಮಾಡಲೇಬೇಕಾದ ಕೆಲಸ ಅದು, ಚರ್ಚಿನಲ್ಲಿ ಪಾದ್ರಿಯ ಮುಂದೆ ನಿಲ್ಲುವುದಕ್ಕಿಂತ ದೊಡ್ಡದು, ತನ್ನ ಬಣ್ಣ ತಾನೇ ಆರಿಸಬೇಕು, ಆ ಬಣ್ಣದಲ್ಲೇ ಮೋಂಬತ್ತಿ, ಹೂವು, ಹೆಸರಿನ ಚೀಟಿ, ನೆಂಟರು ಹಾಡುವ ಹಾಡಿನ ಹಾಳೆ ಕೂಡ. ಬೇರೆ ಹುಡುಗರು ಕಪ್ಪು-ಬಿಳುಪು ಅನ್ನುತ್ತಾರೆ, ಕಾಲ್ಚೆಂಡಿನ ತಂಡದ ಬಣ್ಣ ಅನ್ನುತ್ತಾರೆ. ಇವನಿಗೆ ಹಡಗಿನ ದೀಪ. ನೀನು ಏನೂ ಮುಟ್ಬೇಡ, ನ್ಯಾಪ್‌ಕಿನ್ ಎಲ್ಲಾ ನಾನೇ ಹಾಯಿ ಥರ ಮಡಚ್ತೀನಿ, ಅಂತ ನಿನ್ನೆ ಸಂಜೆ ಎರಡೂ ಪೊಟ್ಟಣ ಒಡೆದು ಒಂದೇ ಬುಟ್ಟಿಗೆ ಸುರಿದುಕೊಂಡು ಕೂತ, ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು, ಪೊಟ್ಟಣ ಹರಿದ ಸದ್ದು ಕೇಳಿಸಿತ್ತು, ಒಂದು, ಆಮೇಲೆ ಇನ್ನೊಂದು, ಬುಟ್ಟಿಗೆ ಬಿದ್ದದ್ದೂ ಕೇಳಿಸಿತ್ತು, ಎದ್ದು ಹೋಗಬಹುದಿತ್ತು, ಹೋಗಲಿಲ್ಲ.

ಮೇಲೆ ಸ್ನಾನದ ಕೋಣೆಯಲ್ಲಿ ನೀರು ಸುರಿಯುತ್ತಿದೆ, ಅಂದರೆ ಇನ್ನೂ ಹೊತ್ತಿದೆ, ಅವನು ತಲೆ ತೊಳೆದರೆ ಬೇಗ ಮುಗಿಸುವವನಲ್ಲ, ರಿಕ್ಕೆ ನಾಲ್ಕನೆಯ ಕುರ್ಚಿಯ ಹಾಯಿಯನ್ನೆತ್ತಿ ಬಲಸಾಲಿಗೆ ಒಯ್ದಳು, ಅಲ್ಲಿನ ಕೆಂಪನ್ನು ಇಲ್ಲಿಗೆ ತಂದಳು, ಕೈಗೆ ಈ ಕೆಲಸ ಹೊಸದಲ್ಲ, ಅವನ ಕ್ರೇಯಾನ್‌ಗಳ ಮೇಲೆ ಬಣ್ಣದ ಹೆಸರು ಬರೆದು ಅಂಟಿಸಿದ್ದು ಇದೇ ಕೈ, ಸ್ಕೂಲಿಗೆ ಹೋಗುವ ಮೊದಲು ಕಾಲುಚೀಲ ಜೋಡಿ ಮಾಡಿ ಇಡುತ್ತಿದ್ದದ್ದು ಇದೇ ಕೈ, ಅವಳ ಅಮ್ಮನೂ ಹೀಗೇ ಅಪ್ಪನ ಕಾಲುಚೀಲಗಳಿಗೆ ದಾರದ ಗಂಟು ಹಾಕುತ್ತಿದ್ದಳು, ಒಂದು ಗಂಟು ಕಂದು, ಎರಡು ಗಂಟು ಹಸಿರು, ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನಗೆ ಚುಕ್ಕಾಣಿಗಿಂತ ಸೌಟೇ ಇಷ್ಟ, ಅನ್ನುತ್ತಿದ್ದ ಅಪ್ಪ, ಊರಿಗೆ ಊರೇ ನಗುತ್ತಿತ್ತು, ಮಾರ್ಸ್ಟಾಲಿನ ಗಂಡಸರೆಲ್ಲ ಹಡಗು ನಡೆಸಿದರೆ ಅಪ್ಪ ಐವಿನ್ ಮಾತ್ರ ಹಡಗಿನಲ್ಲಿ ಬಟಾಣಿ ಬೇಯಿಸಿದ, ಜೀವಮಾನವಿಡೀ, ಹದಿನೇಳರಲ್ಲಿ ಕಣ್ಣಿನ ಡಾಕ್ಟರ ಕೋಣೆಯಿಂದ ಹೊರಗೆ ಬಂದವನು ನೇರ ಅಡುಗೆಯವನ ಕೆಲಸ ಕೇಳಿದ್ದನಂತೆ. ಕೆಂಪು-ಹಸಿರು ಬೇರೆಯಾಗಿ ಕಾಣದ ಆ ಕಣ್ಣು ತಂದೆಯಿಂದ ಮಗಳಿಗೆ, ಮಗಳಲ್ಲಿ ಏನೂ ಕಾಣದೆ, ಮಗಳಿಂದ ಅವಳ ಗಂಡುಮಗುವಿಗೆ, ಬಂದರೂ ಬರಬಹುದು ಬರದೆಯೂ ಇರಬಹುದು, ನಾಣ್ಯ ಚಿಮ್ಮಿದ ಹಾಗೆ — ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಿನವೂ ಪರೀಕ್ಷೆಯ ಕಾಗದಪಟ್ಟಿಯ ಬಣ್ಣ ನೋಡಿ ರೋಗ ಹೇಳುವವಳು ಅವಳು, ಬಸುರಿಯಾಗಿದ್ದಾಗಲೇ ಇದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವನಿಗೆ ಏಳಾದಾಗ ಚುಕ್ಕಿಗಳ ಪುಸ್ತಕ ತಂದಳು, ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕೆ ಅಡಗಿರುವ ಪುಸ್ತಕ, ಸೋಫಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಆಟ ಆಡೋಣ ಬಾ, ಏನು ಕಾಣ್ತಿದೆ, ಚುಕ್ಕಿ ಅಮ್ಮ, ಇನ್ನೇನು, ತುಂಬಾ ಚುಕ್ಕಿ, ಮುಂದಿನ ಪುಟ, ಇದ್ರಲ್ಲೂ ಚುಕ್ಕಿ. ಸರಿಯಾಗಿ ಹೇಳ್ದೆ ಕಣೋ, ಜಾಣ, ಅಂದಳು. ಮುತ್ತು ಕೊಟ್ಟಳು. ಪುಸ್ತಕ ಮುಚ್ಚಿದಳು. ಆ ಮುಖ, ಗೆದ್ದವನ ಮುಖ, ಅದನ್ನು ನೋಡಿ ಹೇಗೆ ಹೇಳುವುದು, ನಾಳೆ ಹೇಳಿದರಾಯಿತು, ದೊಡ್ಡವನಾದ ಮೇಲೆ ಹೇಳಿದರಾಯಿತು, ಅವನು ದೊಡ್ಡವನಾದ, ಗೋಡೆಯ ತುಂಬ ಹಡಗುಗಳ ಚಿತ್ರ ಅಂಟಿಸಿದ, ಹಡಗು ನಡೆಸುವವನೇ ಆಗುತ್ತೇನೆ ಅಂದ, ಮುಂದಿನ ತಿಂಗಳು ನೌಕಾಶಾಲೆಯವರು ಕರೆದಿದ್ದಾರೆ, ಮೊದಲ ದಿನವೇ ಕಣ್ಣು ನೋಡುತ್ತಾರೆ, ಆ ಕಾಗದವನ್ನು ಅವನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ, ಹಾಲು ತೆಗೆಯುವಾಗಲೆಲ್ಲ ಅವಳು ಅದನ್ನು ಓದಬೇಕು.

ಮತ್ತೊಂದು ಹಸಿರು, ಒಯ್ಯಿ, ಮತ್ತೊಂದು ಕೆಂಪು, ತಾ. ಕಡುಗೆಂಪು, ಎಲೆಹಸಿರು ತಗೊಂಡಿದ್ದರೆ ಬಹುಶಃ ಅವನಿಗೆ ತಿಳಿಯುತ್ತಿತ್ತು, ಒಂದು ಕಪ್ಪಗೆ ಒಂದು ತಿಳಿಯಾಗಿ ಕಂಡು ಹೇಗೋ ಬೇರೆ ಮಾಡುತ್ತಿದ್ದ, ಬಂದರಿನ ದೀಪಗಳನ್ನು ಹಾಗೇ ತಾನೇ ಇಷ್ಟು ವರ್ಷ ಊಹಿಸಿದ್ದು, ಅಂಗಡಿಯಲ್ಲಿ ಅವನ ಕೈ ಮೊದಲು ಹೋದದ್ದೂ ಅಂಥ ಬಣ್ಣಕ್ಕೇ, ಆದರೆ ಅಂಗಡಿಯ ಬಿರ್ಗಿಟ್ಟೆ ನಕ್ಕಳು, ಅಯ್ಯೋ ಮರಿ, ಈ ಕೆಂಪು-ಹಸಿರು ಕ್ರಿಸ್‌ಮಸ್ ಆಗೋಯ್ತಲ್ಲೋ, ಮೇ ತಿಂಗಳಲ್ಲಿ ಹಬ್ಬದ ಬಾತುಕೋಳಿ ಹುರಿದು ಹಾಕ್ತೀರಾ, ಮತ್ತು ರಿಕ್ಕೆಯೂ ನಕ್ಕಳು, ಅವನ ಕಿವಿ ಕೆಂಪಾದದ್ದು ಕಂಡೂ ನಕ್ಕಳು, ನಾದಿನಿ ಉಲ್ಲಾ ಏನನ್ನುತ್ತಾಳೋ ಎಂಬ ಯೋಚನೆ ಬಂತು, ಉಲ್ಲಾ ಮಗಳ ದೃಢೀಕರಣದ ಮೇಜು ಬೂದು ಮತ್ತು ಗುಲಾಬಿಯಲ್ಲಿ ಎಷ್ಟು ಮೆತ್ತಗೆ ಇತ್ತು, ಹಾಗಾಗಿ ಮೆತ್ತಗಿನದನ್ನೇ ಆರಿಸಿದಳು, ಇಟ್ಟಿಗೆಯ ಕೆಂಪು, ಪಾಚಿಯ ಹಸಿರು, ಎರಡರ ತೂಕವೂ ಒಂದೇ, ಎರಡೂ ಒಂದೇ ಧೂಳಿನಲ್ಲಿ ಅದ್ದಿದ ಹಾಗೆ. ಇದು ಚೆಂದ ಅಲ್ವಾ ಆಸ್ಗರ್, ಅಂದಳು. ಅವನು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಹೂಂ, ನಿಂಗಿಷ್ಟ ಆದ್ರೆ ಸರಿ. ಎರಡರಲ್ಲಿ ಕೆಂಪು ಯಾವುದು ಎಂದು ಆ ಕಣ್ಣು ಹುಡುಕುತ್ತಿತ್ತು, ಅದು ಅವಳಿಗೆ ಗೊತ್ತಾಯಿತು, ಬಣ್ಣ ಅಳೆಯುವುದೇ ಹೊಟ್ಟೆಪಾಡಾದವಳಿಗೆ ಗೊತ್ತಾಗದೆ ಇರುತ್ತದೆಯೇ, ಗೊತ್ತಾಗಿಯೂ ದುಡ್ಡು ಕೊಟ್ಟಳು.

ಬಾಗಿಲಲ್ಲಿ ಅಪ್ಪ, ಒಳ್ಳೆಯ ಕೋಟು, ಕೈಯಲ್ಲಿ ಬಾವುಟಕಂಬಕ್ಕೆ ಕಟ್ಟಬೇಕಾದ ಹಗ್ಗ, ಗಲ್ಲದ ಮೇಲೆ ಕ್ಷೌರದ ಗಾಯ. ಅಬ್ಬಾ, ಏನು ಮೇಜು ಕಣೇ, ಅಂದ, ಹುಡುಗ ಹೇಳಿದಂಗೇ ಮಾಡಿದಾನೆ ನೋಡು, ಈ ಕಡೆ ಕೆಂಪು, ಆ ಕಡೆ ಹಸಿರು, ಬಂದರು ಬಿಟ್ಟು ಹೊರಟಂಗಿದೆ. ಇನ್ನೂ ತಪ್ಪು ಸಾಲಿನಲ್ಲೇ ಉಳಿದಿದ್ದ ಹಾಯಿಗಳ ಮೇಲೆ ಅವನ ಕಣ್ಣು ಸಲೀಸಾಗಿ ಜಾರಿಹೋಯಿತು, ಎಲ್ಲೂ ಎಡವಲಿಲ್ಲ. ನೀನ್ಯಾಕೆ ಬೆವರ್ತಿದೀಯ ರಿಕ್ಕೆ, ಊಟಕ್ಕೆ ಇನ್ನೂ ಹೊತ್ತಿದೆ, ಪಾದ್ರಿ ಮೊದಲು ಅವನನ್ನ ಬಿಡಲಿ. ಏನಿಲ್ಲಪ್ಪ. ಏನಿಲ್ಲ ಅಂದ್ರೆ ಏನೋ ಇದೆ, ನಿಮ್ಮಮ್ಮನೂ ಹೀಗೇ ಅಂತಿದ್ಲು, ಗಂಟು ಹಾಕ್ತಾ ಹಾಕ್ತಾ ಏನಿಲ್ಲ ಅಂತಿದ್ಲು — ಗಂಟು ಎಂದನೆ, ಅಪ್ಪನಿಗೆ ಗೊತ್ತಿತ್ತೆ, ಬೆರಳಿಗೆ ಸಿಗುವ ಗಂಟು ಗೊತ್ತಾಗದೆ ಇರುತ್ತದೆಯೇ, ಇಷ್ಟೂ ವರ್ಷ ಗೊತ್ತಿದ್ದೇ ಆ ಕಾಲುಚೀಲ ಹಾಕಿಕೊಂಡನೆ — ನೀರು ನಿಂತಿದೆ. ಯಾವಾಗ ನಿಂತಿತು. ಮೆಟ್ಟಿಲ ಮೇಲೆ ಒದ್ದೆ ಪಾದ, ಆಸ್ಗರ್, ಬಿಳಿ ಅಂಗಿಯ ಗುಂಡಿ ಇನ್ನೂ ಹಾಕಿಲ್ಲ, ಕೂದಲಿಂದ ನೀರು ತೊಟ್ಟಿಕ್ಕುತ್ತಿದೆ, ಅವಳ ಕೈಯಲ್ಲಿ ಎಡಸಾಲಿನ ಕೊನೆಯ ಹಸಿರು ಹಾಯಿ. ಅಮ್ಮ, ಮುಟ್ಬೇಡ ಅಂದಿದ್ನಲ್ಲ. ಹೌದು. ಮತ್ತೆ ಅದನ್ನ ಯಾಕೆ ತೆಗೆದೆ, ಮಡಿಕೆ ಸರಿಯಿಲ್ವಾ. ಮಡಿಕೆ ಚೆನ್ನಾಗಿದೆ. ಮತ್ತೆ? ಹೇಳಿಬಿಡು ರಿಕ್ಕೆ, ಸುಮ್ಮನೆ ನೋಡಲೆಂದು ತೆಗೆದೆ ಎಂದು ಹೇಳು, ಸುಲಭ, ಇವತ್ತೊಂದು ದಿನ ಕಳೆಯಲಿ, ಹಾಡು ಮುಗಿಯಲಿ, ಉಲ್ಲಾ ಮನೆಗೆ ಹೋಗಲಿ, ನೌಕಾಶಾಲೆಯ ಅಪರಿಚಿತ ಡಾಕ್ಟರೊಬ್ಬ ಹೇಳಲಿ, ಕೋಣೆಯ ಹೊರಗೆ ಒಬ್ಬನೇ ನಿಂತು ಹುಡುಗ ಬೇರೆ ಏನಾದರೂ ಕೆಲಸ ಕೇಳಲಿ —

ಇದು ಹಸಿರು, ಆಸ್ಗರ್. ಕೆಂಪಿನ ಸಾಲಿನಲ್ಲಿತ್ತು.

ಅವನು ಹತ್ತಿರ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡ, ಎಡಸಾಲಿನ ಒಂದು ಕೆಂಪು ಹಾಯಿಯ ಪಕ್ಕ ಹಿಡಿದ, ನೋಡಿದ, ಬಲಸಾಲಿನ ಒಂದು ಹಸಿರಿನ ಪಕ್ಕ ಹಿಡಿದ, ನೋಡಿದ, ಮತ್ತೆ ಎಡಕ್ಕೆ. ಎಷ್ಟಿತ್ತು ಅಮ್ಮ ಹೀಗೆ. ತುಂಬ ಇತ್ತು. ನಿಂಗೆ ಮೊದ್ಲೇ ಗೊತ್ತಿತ್ತಾ. ಅವಳು ಹೌದೆಂದು ತಲೆಯಾಡಿಸಿದಳು. ಚುಕ್ಕಿ ಪುಸ್ತಕ, ಅಂದ ಅವನು, ಮೆಲ್ಲಗೆ, ಅದ್ರಲ್ಲಿ ಬೇರೆ ಏನೋ ಇತ್ತು, ಅಲ್ವಾ, ಮತ್ತು ಅವಳು ಉತ್ತರಿಸುವ ಮೊದಲೇ ಅಪ್ಪ ಹಗ್ಗವನ್ನು ಕುರ್ಚಿಯ ಮೇಲಿಟ್ಟು, ಕೊಡು ಇಲ್ಲಿ, ನಾನೂ ನೋಡ್ತೀನಿ, ಎಂದು ಕೈ ಚಾಚಿದ, ಇಬ್ಬರೂ ಕಿಟಕಿಯ ಹತ್ತಿರ ಹೋದರು, ಬಿಳಿ ತಲೆ, ಒದ್ದೆ ತಲೆ, ಸಮುದ್ರದ ಬೆಳಕಿಗೆ ಎತ್ತಿ ಹಿಡಿದ ಕಾಗದದ ಹಾಯಿ, ಪಾಚಿಯ ಹಸಿರು, ಅವಳೊಬ್ಬಳಿಗೆ ಹಸಿರು, ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ, ಹಸಿರು ಹಾಯಿ, ಹಸಿರು.